ಮಗ್ಗದಿಂದ ಇಳಿದ ಮೇಲೆ, ಕಡ್ಡಿಯಿಂದ ಇಳಿದ ಮೇಲೆ

ಜಿಗಣಿಯ ನಮ್ಮ ಬೀದಿಯಲ್ಲಿ ಸಂಜೆ ಆರು ಗಂಟೆಯ ಹೊತ್ತಿಗೆ ಕೈಗಾರಿಕಾ ಪ್ರದೇಶದ ಹಗಲುಪಾಳಿ ಮುಗಿಸಿದವರು ಮನೆಗೆ ಮರಳುತ್ತಾರೆ. ಕಲ್ಲು ಪಾಲಿಷ್ ಮಾಡುವ ಕಾರ್ಖಾನೆಗಳಿಂದ ಬಂದವರು ಕೈಕಾಲಿಗೆ ಹತ್ತಿದ ಬಿಳಿಯ ದೂಳನ್ನು ಬಾಗಿಲಲ್ಲೇ ತೊಳೆದುಕೊಳ್ಳುತ್ತಾರೆ. ಅದೇ ಸಮಯಕ್ಕೆ ಎದುರು ಮನೆಯ ಹೆಣ್ಣುಮಗಳೊಬ್ಬಳು ಜಗಲಿಯ ಮೇಲೆ ಕುಳಿತು, ರೇಷ್ಮೆಸೀರೆಯೊಂದರ ಸೆರಗನ್ನು ಮಡಿಲಲ್ಲಿ ಹರಡಿಕೊಂಡು ಕುಚ್ಚು ಕಟ್ಟತೊಡಗುತ್ತಾಳೆ. ಸೀರೆ ಅವಳದಲ್ಲ. ‘ಫಾಲ್, ಜಿಗ್‌ಜ್ಯಾಗ್, ಕುಚ್ಚು’ ಎಂದು ಹಲಗೆ ತೂಗುಹಾಕಿದ ಅಂಗಡಿಯೊಂದರಿಂದ ಅದು ಬಂದಿರುತ್ತದೆ. ಎರಡು ಮೂರು ದಿನಗಳಲ್ಲಿ ಅಲ್ಲಿಗೇ ಮರಳುತ್ತದೆ.

ಕುಚ್ಚು ಕೇವಲ ಅಂದಕ್ಕಾಗಿ ಎಂದು ನಾವು ಬಹುಕಾಲ ತಿಳಿದಿದ್ದೆವು. ಒಮ್ಮೆ ಹಾಗೆಂದು ಅವಳೆದುರಿಗೆ ಆಡಿಯೂ ಬಿಟ್ಟೆವು. “ಅಂದ ಆಮೇಲಿನ ಮಾತು ಅಣ್ಣಾ. ಮೊದಲು ಎಳೆ ನಿಲ್ಲಬೇಕು. ಎಳೆ ಬಿಟ್ಟರೆ ಸೀರೆ ನನ್ನ ತಲೆಗೇ ಬರುತ್ತೆ” ಎಂದಳು. ಸಾವಿರಾರು ರೂಪಾಯಿಯ ಸೀರೆ. ಕಟ್ಟಿದವಳ ಕೂಲಿ ಅದರ ಒಂದು ಸಣ್ಣ ಪಾಲು. ಆ ಕೂಲಿಯೂ ಉಳಿಯುವುದು ಗಂಟು ಉಳಿದರೆ ಮಾತ್ರ. ಈ ಲೇಖನಕ್ಕೆ ಅವಳ ಆ ಮಾತೇ ಕಾರಣ.

ಬಟ್ಟೆ ಮಗ್ಗದಿಂದ ಇಳಿದೊಡನೆ ಮುಗಿಯಿತೆಂದು ನಾವೆಲ್ಲ ಭಾವಿಸುತ್ತೇವೆ. ಹೆಣಿಗೆ ಕಡ್ಡಿಯಿಂದ ಇಳಿದರೆ ಸ್ವೆಟರು ಸಿದ್ಧವಾಯಿತೆನ್ನುತ್ತೇವೆ. ನಿಜದಲ್ಲಿ ಆಗ ಕೈಯಲ್ಲಿರುವುದು ಇನ್ನೂ ನೆಲೆ ನಿಲ್ಲದ ವಸ್ತು. ಅದರ ತುದಿಗಳು ಬಿಚ್ಚಿಕೊಳ್ಳಲು ಕಾದಿರುತ್ತವೆ. ಅದರ ಎಳೆಗಳು ಎಳೆಸಿಕೊಂಡ ಬಿಗಿತವನ್ನು ಇನ್ನೂ ಬಿಟ್ಟಿರುವುದಿಲ್ಲ. ತಿಂಗಳುಗಟ್ಟಲೆಯ ದುಡಿಮೆ ಕೈಗೂಡುವುದೂ ಕೆಡುವುದೂ ಈ ಕೊನೆಯ ಒಂದೆರಡು ದಿನಗಳಲ್ಲಿ.

ಮೊದಲು ತುದಿಯ ವಿಚಾರ. ನಮ್ಮ ತಾಲ್ಲೂಕಿನ ಆನೇಕಲ್ಲು, ಸರ್ಜಾಪುರಗಳು ಹಳೆಯ ನೇಕಾರಿಕೆಯ ಊರುಗಳು. ಹಾಸು, ಹೊಕ್ಕು ಎಂಬ ಮಾತುಗಳು ಇಲ್ಲಿನವರಿಗೆ ಹೊಸವಲ್ಲ. ಬಟ್ಟೆಯ ಉದ್ದಕ್ಕೆ ಹರಿಯುವುದು ಹಾಸು. ಅಡ್ಡಲಾಗಿ ಲಾಳಿ ತರುವುದು ಹೊಕ್ಕು. ಬಟ್ಟೆಯ ನಡುವೆ ಪ್ರತಿಯೊಂದು ಹೊಕ್ಕಿನೆಳೆಯನ್ನೂ ಅಕ್ಕಪಕ್ಕದ ಹೊಕ್ಕುಗಳು ಒತ್ತಿ ಹಿಡಿದಿರುತ್ತವೆ. ಮಗ್ಗದಿಂದ ಕತ್ತರಿಸಿದ ಕೊನೆಯಲ್ಲಿ ಮಾತ್ರ ಕಟ್ಟಕಡೆಯ ಹೊಕ್ಕಿಗೆ ಒಂದು ಕಡೆ ನೆರೆಯವರೇ ಇಲ್ಲ. ಅದು ಸರಿದು ಹೊರಬಂದರೆ ಅದರ ಹಿಂದಿನದಕ್ಕೆ ಅದೇ ಗತಿ. ಹೀಗೆ ಸೆರಗು ಎಳೆ ಎಳೆಯಾಗಿ ಕರಗುತ್ತದೆ.

ಹತ್ತಿಯ ಬಟ್ಟೆಯಲ್ಲಿ ಇದು ನಿಧಾನ. ಹತ್ತಿಯ ನಾರು ಎರಡು ಮೂರು ಸೆಂಟಿಮೀಟರು ಉದ್ದದ್ದು. ಸಾವಿರಾರು ನಾರುಗಳನ್ನು ಹೊಸೆದು ಮಾಡಿದ ನೂಲಿನ ಮೈಮೇಲೆ ಅವುಗಳ ತುದಿಗಳು ರೋಮದಂತೆ ಎದ್ದು ಒಂದನ್ನೊಂದು ಹಿಡಿಯುತ್ತವೆ. ರೇಷ್ಮೆಗೆ ಈ ರೋಮವಿಲ್ಲ. ಒಂದು ಗೂಡಿನಿಂದ ನೂರಾರು ಮೀಟರು ಒಂದೇ ಅಖಂಡ ಎಳೆ ಬಿಚ್ಚಿಬರುತ್ತದೆ. ಹಸಿ ರೇಷ್ಮೆಯ ತೂಕದಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಇರುವ ಸೆರಿಸಿನ್ ಎಂಬ ಅಂಟನ್ನು ಕುದಿಸಿ ತೆಗೆದ ಮೇಲಂತೂ ಅದು ಬೆರಳಿನಲ್ಲೇ ಜಾರುತ್ತದೆ. ಆ ಹೊಳಪನ್ನು ಮೆಚ್ಚಿ ನಾವು ಕೊಳ್ಳುತ್ತೇವೆ. ಕುಚ್ಚು ಕಟ್ಟುವವಳಿಗೆ ಅದೇ ಶತ್ರು.

ಜಾರುವ ಎಳೆಯನ್ನು ಅವಳು ಹಿಡಿದು ನಿಲ್ಲಿಸುವುದು ಹೇಗೆ? ಹಾಸಿನ ತುದಿಗಳನ್ನು ಗೊಂಚಲು ಮಾಡಿ, ಅದರ ಕೊರಳಿಗೆ ಬೇರೊಂದು ದಾರವನ್ನು ಬಿಗಿಯಾಗಿ ಮೂರು ನಾಲ್ಕು ಸುತ್ತು ಸುತ್ತಿ, ದಾರದ ಕೊನೆಯನ್ನು ಆ ಸುತ್ತುಗಳ ಅಡಿಯಲ್ಲೇ ತೂರಿಸಿ ಎಳೆಯುತ್ತಾಳೆ. ಗಂಟಿಗಿಂತ ಸುತ್ತಿಗೆ ಇಲ್ಲಿ ಮಹತ್ವ ಹೆಚ್ಚು. ಇದರ ಮರ್ಮವನ್ನು ಹಳ್ಳಿಯ ಯಾವ ರೈತನಾದರೂ ಬಲ್ಲ. ಎಗರಾಡುವ ಹೋರಿಯ ಹಗ್ಗವನ್ನು ಕೈಯಲ್ಲಿ ಹಿಡಿದರೆ ಅದು ನಮ್ಮನ್ನೇ ಎಳೆದೊಯ್ಯುತ್ತದೆ. ಅದೇ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಸುತ್ತಿ ಹಿಡಿದರೆ ಹುಡುಗನೊಬ್ಬ ಸಾಕು. ಪ್ರತಿ ಸುತ್ತಿನಲ್ಲಿಯೂ ಹಿಡಿತ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಹದಿನೆಂಟನೆಯ ಶತಮಾನದ ಗಣಿತಜ್ಞ ಆಯ್ಲರ್ ಇದಕ್ಕೆ ಸೂತ್ರ ಕೊಟ್ಟಿದ್ದಾನೆ. ಘರ್ಷಣೆಯ ಗುಣಾಂಕ ೦.೨ ಎಂದಿಟ್ಟುಕೊಂಡರೆ ಒಂದು ಪೂರ್ಣ ಸುತ್ತಿಗೆ ಹಿಡಿತ ಸುಮಾರು ೩.೫ ಪಾಲು, ಎರಡಕ್ಕೆ ೧೨, ಮೂರಕ್ಕೆ ೪೩. ನಾಲ್ಕನೆಯ ಸುತ್ತನ್ನು ಸೋಮಾರಿತನದಿಂದ ಬಿಟ್ಟವರು ಎಷ್ಟನ್ನು ಕಳೆದುಕೊಂಡರೆಂಬುದನ್ನು ವಾಚಕರೇ ಲೆಕ್ಕ ಹಾಕಬಹುದು.

ಕುಚ್ಚಿನ ಜೊತೆಗೇ ಬರುವ ‘ಫಾಲ್’ ವಿಚಾರದಲ್ಲಿ ಒಂದು ಮಾತು. ಸೀರೆಯ ಅಡಿಯಂಚಿಗೆ ಒಳಗಡೆ ಹೊಲಿಯುವ ಈ ಹತ್ತಿಯ ಪಟ್ಟಿಯನ್ನು ಅಂಗಡಿಯಿಂದ ತಂದಂತೆಯೇ ಹೊಲಿದರೆ ಮೊದಲ ಒಗೆತಕ್ಕೇ ಅಂಚು ಸುಕ್ಕುಗಟ್ಟಿ ಮೇಲಕ್ಕೆ ಸೇದಿಕೊಳ್ಳುತ್ತದೆ. ನೇಯುವಾಗಲೂ ಆಮೇಲೆ ಇಸ್ತ್ರಿಯಾಗುವಾಗಲೂ ಹತ್ತಿಯ ನೂಲನ್ನು ಎಳೆದು ಹಿಗ್ಗಿಸಿರುತ್ತಾರೆ. ನೀರು ಸೋಕಿದೊಡನೆ ನಾರುಗಳು ದಪ್ಪನಾಗಿ, ಆ ಬಲಾತ್ಕಾರದ ಹಿಗ್ಗನ್ನು ಬಿಟ್ಟು ಕುಗ್ಗುತ್ತವೆ. ರೇಷ್ಮೆ ಅಷ್ಟು ಕುಗ್ಗುವುದಿಲ್ಲ. ಕುಗ್ಗುವುದನ್ನೂ ಕುಗ್ಗದಿರುವುದನ್ನೂ ಒಂದೇ ಹೊಲಿಗೆಯಲ್ಲಿ ಬಂಧಿಸಿದರೆ ಸುಕ್ಕಲ್ಲದೆ ಬೇರೇನು? ಆದ್ದರಿಂದ ಪಟ್ಟಿಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಅನಂತರ ಹೊಲಿಯಬೇಕು.

ಇನ್ನು ಉಣ್ಣೆಗೆ ಬರೋಣ. ಇಲ್ಲಿ ನಮ್ಮದೇ ಒಂದು ಅಪರಾಧವನ್ನು ಒಪ್ಪಿಕೊಳ್ಳಬೇಕಾಗಿದೆ. ನಮ್ಮ ಅಕ್ಕ ಮೊಮ್ಮಗನಿಗಾಗಿ ಮೂರು ತಿಂಗಳು ಕುಳಿತು, ಶುದ್ಧ ಉಣ್ಣೆಯಲ್ಲಿ ಒಂದು ಸ್ವೆಟರು ಹೆಣೆದಿದ್ದಳು. ಹೆಣೆಯುವಾಗ ಕೈಕೊಳೆ ಹತ್ತಿದೆ, ಒಮ್ಮೆ ತೊಳೆದುಕೊಟ್ಟರೆ ಉಪಕಾರವಾದೀತೆಂದು ನಾವೇ ಮುಂದಾದೆವು. ಬಿಸಿನೀರು, ಬಟ್ಟೆ ಸೋಪು, ಜೊತೆಗೆ ನಮ್ಮ ಉತ್ಸಾಹದ ತಿಕ್ಕಾಟ. ಬಕೆಟ್ಟಿನಿಂದ ಹೊರಬಂದದ್ದು ಬೊಂಬೆಗೆ ತೊಡಿಸುವಷ್ಟು ಚಿಕ್ಕದಾದ, ಹಲಗೆಯಂತೆ ಗಡುಸಾದ ಒಂದು ವಸ್ತು. ಅಕ್ಕ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆದದ್ದೇನೆಂಬುದನ್ನು ತಿಳಿಯಲು ಒಂದು ಸುಲಭ ಪ್ರಯೋಗವುಂಟು. ಉದ್ದನೆಯ ಒಂದು ತಲೆಗೂದಲನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಕೂದಲಿನ ಉದ್ದಕ್ಕೆ ಬೆರಳುಗಳನ್ನು ಹಿಂದಕ್ಕೂ ಮುಂದಕ್ಕೂ ಉಜ್ಜಿರಿ. ಕೂದಲು ಒಂದೇ ದಿಕ್ಕಿಗೆ, ಬುಡ ಮುಂದಾಗಿ, ಸರಿಯುತ್ತದೆ. ಕೂದಲಿನ ಮೈಯನ್ನು ಹೆಂಚು ಹೊದಿಸಿದಂತೆ ಸೂಕ್ಷ್ಮವಾದ ಹುರುಪೆಗಳು ಮುಚ್ಚಿವೆ. ಅವುಗಳ ಅಂಚು ತುದಿಯ ಕಡೆಗೆ ತಿರುಗಿರುವುದರಿಂದ ಒಂದು ದಿಕ್ಕಿಗೆ ಸರಿಯುವುದು ಸುಲಭ, ಮತ್ತೊಂದಕ್ಕೆ ಕಷ್ಟ. ಕುರಿಯ ಉಣ್ಣೆಯಲ್ಲಿ ಈ ಹುರುಪೆಗಳು ಇನ್ನೂ ಎದ್ದು ಕಾಣುತ್ತವೆ. ಬಿಸಿನೀರಿನಲ್ಲಿ ನಾರು ಉಬ್ಬಿ ಮೆತ್ತಗಾಗುತ್ತದೆ. ಸೋಪಿನ ಕ್ಷಾರ ಅದಕ್ಕೆ ನೆರವಾಗುತ್ತದೆ. ಪ್ರತಿ ತಿಕ್ಕಿಗೂ ನಾರುಗಳು ಬುಡದ ದಿಕ್ಕಿಗೆ ಹರಿದು ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ಮರಳುವ ದಾರಿಯಿಲ್ಲ. ಕಾಶ್ಮೀರದಲ್ಲಿ ನಮ್ದಾ ಮಾಡುವವರು ಬೇಕೆಂದೇ ಮಾಡುವ ಕೆಲಸವನ್ನು ನಾವು ಬಚ್ಚಲಲ್ಲಿ ಅರಿಯದೆ ಮಾಡಿದ್ದೆವು.

ಸೋಪಿನ ಮೇಲೆ ಇನ್ನೊಂದು ದೂರೂ ಇದೆ. ನಮ್ಮ ಬೀದಿಯ ಮನೆಗಳಲ್ಲಿ ಬಳಕೆಯಾಗುವುದು ಕೊಳವೆಬಾವಿಯ ಗಡಸು ನೀರು. ಕಾಯಿಸಿದ ಪಾತ್ರೆಯ ಒಳಮೈಗೆ ಬಿಳಿಯ ಹೊಪ್ಪಳೆ ಕಟ್ಟುವುದನ್ನು ಇಲ್ಲಿನ ಗೃಹಿಣಿಯರೆಲ್ಲ ಬಲ್ಲರು. ಆ ನೀರಿನ ಕ್ಯಾಲ್ಸಿಯಂ ಸೋಪಿನೊಡನೆ ಕೂಡಿ ಕರಗದ ಗಸಿಯಾಗಿ ಎಳೆಗಳ ನಡುವೆ ಕೂರುತ್ತದೆ. ನಮ್ಮ ಹಿರಿಯರು ರೇಷ್ಮೆಗೂ ಉಣ್ಣೆಗೂ ಬಳಸುತ್ತಿದ್ದ ಅಂಟುವಾಳದ ಕಾಯಿಯ ನೊರೆಗೆ ಈ ದೋಷವಿಲ್ಲ. ಅದರ ಸಪೋನಿನ್‌ಗಳು ಗಡಸು ನೀರಿನಲ್ಲಿಯೂ ಗಸಿ ಕಟ್ಟುವುದಿಲ್ಲ, ಕ್ಷಾರವೂ ಅಲ್ಲ. ಹಳೆಯದೆಲ್ಲ ಒಳ್ಳೆಯದೆಂಬ ವಾದ ನಮ್ಮದಲ್ಲ. ಈ ಒಂದರಲ್ಲಿ ಮಾತ್ರ ಅಜ್ಜಿಯರ ಪಕ್ಷವೇ ಸರಿ.

ಅಕ್ಕ ಮತ್ತೆ ಹೆಣೆದಳು. ಎರಡನೆಯ ಸಲ ಮುಗಿಸುವ ಕೆಲಸವನ್ನು ಅವಳೆದುರಿಗೆ ಕುಳಿತು ಕ್ರಮವಾಗಿ ಕಲಿತೆವು. ಬೆನ್ನು, ಮುಂಭಾಗ, ಎರಡು ತೋಳು ಎಂದು ನಾಲ್ಕು ತುಂಡುಗಳು. ಉಂಡೆ ಬದಲಾಯಿಸಿದ ಕಡೆಯಲ್ಲೆಲ್ಲ ಉಣ್ಣೆಯ ಬಾಲಗಳು ಜೋತಾಡುತ್ತಿದ್ದವು. ನಾವಾಗಿದ್ದರೆ ಗಂಟು ಹಾಕಿ ಕತ್ತರಿಸಿಬಿಡುತ್ತಿದ್ದೆವು. ಅಕ್ಕ ಗಂಟನ್ನು ಹತ್ತಿರ ಸೇರಿಸಲಿಲ್ಲ. ಗೇಣುದ್ದದ ಬಾಲವನ್ನು ಮೊಂಡುಸೂಜಿಗೆ ಪೋಣಿಸಿ, ಹಿಂಬದಿಯ ಕುಣಿಕೆಗಳ ಹಾದಿಯಲ್ಲೇ ಏಳೆಂಟು ಕುಣಿಕೆ ಮುಂದಕ್ಕೊಯ್ದು, ಅಲ್ಲಿಂದ ತಿರುಗಿಸಿ ಹಿಂದಕ್ಕೆ ತಂದಳು. ಗಂಟು ಮೈಗೆ ಒತ್ತುತ್ತದೆ, ಒಮ್ಮೊಮ್ಮೆ ಹಿಗ್ಗಿದಾಗ ಬಿಚ್ಚಿಯೂ ಹೋಗುತ್ತದೆ. ಕುಣಿಕೆಗಳ ನಡುವೆ ಬಳಸಿ ಹೋದ ಎಳೆಯಾದರೋ ಒಂದೊಂದು ತಿರುವಿನಲ್ಲಿಯೂ ಹಿಡಿತವನ್ನು ಗುಣಿಸಿಕೊಳ್ಳುತ್ತದೆ. ಎದುರು ಮನೆಯ ಕುಚ್ಚಿಗೂ ಅಕ್ಕನ ಸೂಜಿಗೂ ಆಯ್ಲರನ ಸೂತ್ರ ಒಂದೇ.

ಆಮೇಲೆ ನೀರಿನ ಕೆಲಸ. ತುಂಡುಗಳನ್ನು ತಣ್ಣೀರಿನಲ್ಲಿ ಅಲುಗಿಸದೆ ಅರ್ಧ ಗಂಟೆ ಮುಳುಗಿಸಿಟ್ಟು, ಹಿಂಡದೆ ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ ನೀರು ತೆಗೆದು, ಮಂಚದ ಹಾಸಿಗೆಯ ಮೇಲೆ ಹಾಸಿದ ದುಪ್ಪಟಿಯಲ್ಲಿ ಅಗಲವಾಗಿ ಹರಡುವುದು. ಟೇಪಿನಿಂದ ಅಳೆದು ಬೇಕಾದ ಅಗಲಕ್ಕೆ ಮೆಲ್ಲನೆ ಎಳೆದು, ಅಂಚಿನುದ್ದಕ್ಕೂ ಗುಂಡುಪಿನ್ನು ಚುಚ್ಚುವುದು. ತಂತಿಗೆ ನೇತುಹಾಕುವುದು ನಿಷಿದ್ಧ. ಹೀರಿದ ನೀರಿನ ಭಾರಕ್ಕೆ ತೋಳುಗಳು ಮೊಣಕಾಲಿನವರೆಗೆ ಇಳಿಯುತ್ತವೆ.

ಒದ್ದೆಯಾಗಿ ಎಳೆದ ಅಳತೆಯಲ್ಲಿಯೇ ಒಣಗಿದ ಮೇಲೂ ಉಣ್ಣೆ ನಿಲ್ಲುವುದೇಕೆ? ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಡಬ್ಲ್ಯು. ಟಿ. ಆಸ್ಟ್‌ಬರಿ ಎಂಬ ವಿಜ್ಞಾನಿ ೧೯೩೦ರ ದಶಕದಲ್ಲಿ ಉಣ್ಣೆಯ ನಾರಿನ ಮೂಲಕ ಕ್ಷಕಿರಣಗಳನ್ನು ಹಾಯಿಸಿ, ಅದರ ಅಣುಗಳು ಮಡಿಚಿಕೊಂಡಿರುತ್ತವೆ, ಒದ್ದೆ ಮಾಡಿ ಎಳೆದಾಗ ಬಿಚ್ಚಿಕೊಳ್ಳುತ್ತವೆ ಎಂದು ತೋರಿಸಿದ. ಆ ಮಡಿಕೆಯ ನಿಜವಾದ ರೂಪ ಸುರುಳಿಯೆಂಬುದು ೧೯೫೧ರಲ್ಲಿ ಲೈನಸ್ ಪೌಲಿಂಗ್ ಮತ್ತು ಅವನ ಸಂಗಡಿಗರಿಂದ ತಿಳಿಯಿತು. ಸುರುಳಿಯ ಸುತ್ತುಗಳನ್ನೂ ನೆರೆಹೊರೆಯ ಅಣುಗಳನ್ನೂ ಜಲಜನಕದ ದುರ್ಬಲ ಬಂಧಗಳು ಸೇರಿಸಿ ಹಿಡಿದಿರುತ್ತವೆ. ನೀರು ಒಳಹೊಕ್ಕಾಗ ಇವುಗಳಲ್ಲಿ ಹಲವು ಸಡಿಲುತ್ತವೆ. ನೀರು ಹೊರಟುಹೋದಾಗ, ನಾರು ಆ ಗಳಿಗೆಯಲ್ಲಿ ಯಾವ ಭಂಗಿಯಲ್ಲಿದೆಯೋ ಆ ಭಂಗಿಯಲ್ಲಿಯೇ ಮತ್ತೆ ಬೆಸೆದುಕೊಳ್ಳುತ್ತವೆ. ಒದ್ದೆ ಜಡೆ ಹೆಣೆದು ಮಲಗಿದ ಹುಡುಗಿಯ ಕೂದಲು ಬೆಳಿಗ್ಗೆ ಅಲೆಯಲೆಯಾಗಿರುವುದಕ್ಕೆ ಇದೇ ಕಾರಣ. ಮತ್ತೆ ತೋಯಿಸಿದರೆ ಅಲೆ ಮಾಯವಾಗುವಂತೆ, ಸ್ವೆಟರನ್ನೂ ಪ್ರತಿ ಒಗೆತದ ಮೇಲೆ ಹೀಗೆಯೇ ಹರಡಿ ಒಣಗಿಸಬೇಕು.

ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೇಳಿದರೆ ಕೊಡುವ ಉಂಡೆಗಳಲ್ಲಿ ಬಹುಪಾಲು ಕುರಿಯ ಮೈ ಕಂಡದ್ದಲ್ಲ. ಅವು ಅಕ್ರಿಲಿಕ್ ಎಂಬ ಕೃತಕ ನೂಲು. ಸಾಧಾರಣ ಹವೆಯಲ್ಲಿ ಉಣ್ಣೆ ತನ್ನ ತೂಕದ ಶೇಕಡಾ ೧೬ರಷ್ಟು ತೇವವನ್ನು ಹೀರಿ ಇಟ್ಟುಕೊಂಡಿರುತ್ತದೆ. ರೇಷ್ಮೆ ೧೧, ಹತ್ತಿ ಸುಮಾರು ೮. ಅಕ್ರಿಲಿಕ್ಕಿಗೆ ಒಂದೂವರೆ ಎರಡೇ ಸಾಕು. ನೀರನ್ನೇ ಒಳಬಿಡದ ನಾರಿಗೆ ನೀರಿನಿಂದ ರೂಪ ಕೊಡುವುದೆಂತು? ಅದು ಬಾಗುವುದು ಶಾಖಕ್ಕೆ. ಇಸ್ತ್ರಿಪೆಟ್ಟಿಗೆಯನ್ನು ತಾಗಿಸದೆ ಮೇಲಿನಿಂದ ಹಬೆಯನ್ನು ಮಾತ್ರ ಹಾಯಿಸಬಹುದು. ತಾಗಿಸಿದರೆ ಕುಣಿಕೆಗಳು ಚಪ್ಪಟೆಯಾಗಿ, ಹೆಣಿಗೆ ಜೀವಕಳೆದು ಜೋಲುತ್ತದೆ. ಇದಕ್ಕೂ ದುರಸ್ತಿಯಿಲ್ಲ. ಆದಕಾರಣ ಮುಗಿಸುವ ಮೊದಲು ಎಳೆ ಯಾವುದೆಂದು ತಿಳಿಯಬೇಕು. ಬೆರಳುದ್ದದ ತುಂಡನ್ನು ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಬೆಂಕಿ ಸೋಕಿಸಿ ನೋಡಿ. ಕೂದಲು ಸುಟ್ಟ ನಾತ ಬಂದು, ಉಳಿದದ್ದು ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ, ಆರಿದ ಮೇಲೆ ಗಟ್ಟಿಯಾದ ಕರಿಮಣಿಯಾದರೆ ಕೃತಕ.

ಕ್ರೋಶಾದ ಮೇಜುಗವಸುಗಳಿಗೆ ಮನೆಗಳಲ್ಲಿ ಸಾಬಕ್ಕಿಯ ಗಂಜಿ ಹಾಕುವುದುಂಟು. ಬಿಸಿಯಲ್ಲಿ ಉಬ್ಬಿ ಒಡೆದ ಪಿಷ್ಟದ ಕಣಗಳು ಹತ್ತಿಯ ನಾರಿಗೆ ಹತ್ತಿ, ಒಣಗಿದಾಗ ಅದೇ ಜಲಜನಕ ಬಂಧಗಳಿಂದ ಬಿಗಿದು ವಸ್ತುವಿಗೆ ಮೈ ಕೊಡುತ್ತವೆ. ಚಳ್ಳಕೆರೆಯ ಕಡೆಯ ಕಂಬಳಿ ನೇಕಾರರು ಹಾಸಿನ ಒರಟು ಉಣ್ಣೆಗೆ ಹುಣಸೆಬೀಜದ ಗಂಜಿಯನ್ನು ಹಚ್ಚುವುದೂ ಇದೇ ತತ್ತ್ವದ ಮೇಲೆ. ಆದರೆ ಅವರು ನೇಯುವ ಮೊದಲೇ ಹಚ್ಚುತ್ತಾರೆ. ಉಜ್ಜಾಟಕ್ಕೆ ಎಳೆ ಕಿತ್ತುಹೋಗದಿರಲೆಂಬುದು ಅಲ್ಲಿನ ಉದ್ದೇಶ.

ಇದನ್ನು ಬರೆಯುವಾಗ ಹೊರಗೆ ಮಳೆ. ಅಕ್ಕನ ನಾಲ್ಕು ತುಂಡುಗಳು ಮಂಚದ ಮೇಲೆ ಮೂರನೆಯ ದಿನವೂ ಮಲಗಿವೆ. ಮುಟ್ಟಿದರೆ ಒಣಗಿದಂತೆಯೇ ತೋರುತ್ತವೆ. ಆದರೆ ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನವರೆಗೆ ನೀರಿನ ಆವಿಯನ್ನು ಒಳಗೆ ಅಡಗಿಸಿಕೊಂಡೂ ಒದ್ದೆಯೆನಿಸದಿರಬಲ್ಲದು. ನಾವು ಪಿನ್ನು ಕೀಳಹೋದಾಗ ಅಕ್ಕ ತುಂಡನ್ನು ಎತ್ತಿ ಕೆನ್ನೆಗೆ ತಾಗಿಸಿ ನೋಡಿದಳು. ಕೆನ್ನೆಗೆ ಇನ್ನೂ ತಣ್ಣಗಿತ್ತು. ತೋಳು ಜೋಡಿಸುವುದು ನಾಳೆ ಎಂದಳು.