ಮರಿ ಆನೆ ಕೊಳ್ಳುವ ಮುನ್ನ

ಕೋಲಾರದ ಟೊಮೆಟೊ ಮಂಡಿ ಇರಲಿ, ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆ ಇರಲಿ, ಬೆಂಗಳೂರಿನ ಯಶವಂತಪುರ ಇರಲಿ, ಸರಕು ಏರಿ ಇಳಿಯುವ ಕಡೆಯೆಲ್ಲ ಪುಟ್ಟ ಪಿಕಪ್ ಗಾಡಿಗಳ ಸಾಲು ಇದ್ದೇ ಇರುತ್ತದೆ. 2005ರಲ್ಲಿ ಟಾಟಾ ಕಂಪನಿ ‘ಏಸ್’ ಗಾಡಿಯನ್ನು ರಸ್ತೆಗೆ ಇಳಿಸಿತು. 702 ಸಿ.ಸಿ.ಯ ಎರಡು ಸಿಲಿಂಡರ್ ಡೀಸೆಲ್ ಎಂಜಿನ್, ಮುಕ್ಕಾಲು ಟನ್ ಹೊರುವ ತಾಕತ್ತು. ಜನ ಅದಕ್ಕೆ ‘ಛೋಟಾ ಹಾಥಿ’ ಎಂದು ಹೆಸರಿಟ್ಟರು. ಅಂದರೆ ಮರಿ ಆನೆ. 2011ರಲ್ಲಿ ಅಶೋಕ್ ಲೇಲ್ಯಾಂಡ್‌ನ ‘ದೋಸ್ತ್’ ಬಂತು. ಹಳ್ಳಿಗಾಡಿನ ರಸ್ತೆಗಳಲ್ಲಿ ಮಹೀಂದ್ರ ಬೊಲೆರೊ ಪಿಕಪ್ ತನ್ನದೇ ಜಾಗ ಮಾಡಿಕೊಂಡಿತು.

ಹೊಸ ಗಾಡಿಯ ಬೆಲೆ ಕೈಗೆಟುಕದ ಕುಟುಂಬಗಳು ಹಳೆಯ ಗಾಡಿಯತ್ತ ನೋಡುತ್ತವೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮುಂಗಡಕ್ಕೆಂದು ತೆಗೆಯುವ ಹಣ ಬಹಳಷ್ಟು ಮನೆಗಳಲ್ಲಿ ಮಕ್ಕಳ ಕಾಲೇಜಿಗೆಂದು ಕೂಡಿಟ್ಟ ಹಣವೇ ಆಗಿರುತ್ತದೆ. ಗಾಡಿ ನಿತ್ಯ ದುಡಿದರೆ ಫೀಸು ತಾನಾಗಿ ಹೊರಡುತ್ತದೆ. ಗ್ಯಾರೇಜಿನಲ್ಲಿ ಮಲಗಿದರೆ ಫೀಸಿನ ಹಣವೂ ಹೋಯಿತು, ಸಾಲದ ಕಂತೂ ನಿಲ್ಲಲಿಲ್ಲ. ಆದ್ದರಿಂದ ಇದು ಅಪ್ಪ ಮತ್ತು ಬ್ರೋಕರ್ ಇಬ್ಬರೇ ಕೂತು ಮುಗಿಸುವ ವ್ಯವಹಾರವಲ್ಲ. ಬಡ್ಡಿಯ ಲೆಕ್ಕ, ಎಂಜಿನ್ನಿನ ವಿಜ್ಞಾನ, ಕಾಗದ ಪತ್ರಗಳ ಓದು, ಈ ಮೂರರಲ್ಲೂ ಮನೆಯಲ್ಲಿ ಓದುವ ಮಗ ಅಥವಾ ಮಗಳು ಹೆಗಲು ಕೊಡಬಹುದು.

ಬಡ್ಡಿಯ ಒಳಗುಟ್ಟು

ಹಳೆಯ ಗಾಡಿಗೆ ಸಾಲ ಕೊಡುವವರು ಬಡ್ಡಿಯನ್ನು ಎರಡು ಬಗೆಯಲ್ಲಿ ಹೇಳುತ್ತಾರೆ. ಒಂದು, ತೀರಿಸಿದಂತೆಲ್ಲ ಉಳಿದ ಅಸಲಿಗೆ ಮಾತ್ರ ಹಾಕುವ ಬಡ್ಡಿ. ಇನ್ನೊಂದು ‘ಫ್ಲ್ಯಾಟ್’ ಬಡ್ಡಿ. ಇದರಲ್ಲಿ ಅಸಲು ಎಷ್ಟೇ ಕರಗಿದರೂ ಮೊದಲ ದಿನದ ಪೂರ್ತಿ ಮೊತ್ತಕ್ಕೇ ಕೊನೆಯವರೆಗೂ ಬಡ್ಡಿ ಬೀಳುತ್ತದೆ.

ಉದಾಹರಣೆಗೆ 3 ಲಕ್ಷ ರೂಪಾಯಿ ಸಾಲ, ಮೂರು ವರ್ಷದ ಅವಧಿ ಎಂದಿಟ್ಟುಕೊಳ್ಳೋಣ. ಶೇ 12ರ ಫ್ಲ್ಯಾಟ್ ಬಡ್ಡಿಯಾದರೆ ವರ್ಷಕ್ಕೆ 36,000, ಮೂರು ವರ್ಷಕ್ಕೆ 1,08,000 ರೂಪಾಯಿ. ತಿಂಗಳ ಕಂತು 11,333. ಅದೇ ಸಾಲ ಉಳಿದ ಅಸಲಿನ ಮೇಲೆ ಶೇ 15ರ ಬಡ್ಡಿಗೆ ಸಿಕ್ಕರೆ ಕಂತು ಸುಮಾರು 10,400. ಒಟ್ಟು ಬಡ್ಡಿ 74,400ರ ಆಸುಪಾಸು. ಕಿವಿಗೆ ಕಡಿಮೆಯಾಗಿ ಕೇಳಿಸಿದ ಶೇ 12 ನಿಜಕ್ಕೂ 33,600 ರೂಪಾಯಿ ದುಬಾರಿ! ಫ್ಲ್ಯಾಟ್ ಲೆಕ್ಕದ ಆ ಶೇ 12, ಉಳಿದ ಅಸಲಿನ ಲೆಕ್ಕಕ್ಕೆ ತಂದರೆ ಸುಮಾರು ಶೇ 21 ಆಗುತ್ತದೆ. “ಬಡ್ಡಿ ಎಷ್ಟು?” ಎಂದು ಕೇಳಿ ಸುಮ್ಮನಾಗದೆ, “ಕೊನೆಗೆ ಒಟ್ಟು ಎಷ್ಟು ಕಟ್ಟಬೇಕು?” ಎಂದು ಕೇಳಿ ಬರೆಸಿಕೊಳ್ಳುವುದೇ ಜಾಣತನ.

ದಿನದ ಖರ್ಚು

ಆನೆ ಕೊಳ್ಳುವುದಕ್ಕಿಂತ ಸಾಕುವುದು ಕಷ್ಟ. ಮೇಲಿನ ಉದಾಹರಣೆಯನ್ನೇ ಮುಂದುವರಿಸಬಹುದು. ಕಂತು 10,400. ವಿಮೆ, ತೆರಿಗೆ, ಎಫ್‌.ಸಿ.ಗೆಂದು ತಿಂಗಳಿಗೆ 3,000 ಎತ್ತಿಡಬೇಕು. ಟೈರು, ಆಯಿಲ್, ರಿಪೇರಿಗೆ 4,000. ಅಲ್ಲಿಗೆ 17,400 ಆಯಿತು. ತಿಂಗಳಲ್ಲಿ 25 ದಿನ ಬಾಡಿಗೆ ಸಿಕ್ಕಿತು ಎಂದರೆ ದಿನಕ್ಕೆ ಸುಮಾರು 700 ರೂಪಾಯಿ. ದಿನಕ್ಕೆ 60 ಕಿಲೋಮೀಟರ್ ಓಡಿ, ಲೀಟರಿಗೆ 15 ಕಿಲೋಮೀಟರ್ ಕೊಟ್ಟು, ಡೀಸೆಲ್ ಬೆಲೆ 90 ರೂಪಾಯಿ ಎಂದು ಹಿಡಿದರೆ ಇನ್ನೂ 360. ಮನೆಗೆ ಒಂದು ರೂಪಾಯಿ ಉಳಿಯುವ ಮೊದಲೇ ದಿನಕ್ಕೆ ಸಾವಿರದ ಮೇಲೆ ದುಡಿದಿರಬೇಕು.

ಅವರವರ ಊರಿನ ಬಾಡಿಗೆ, ಡೀಸೆಲ್ ದರ ಹಾಕಿ ಈ ಲೆಕ್ಕವನ್ನು ಒಂದು ಹಾಳೆಯ ಮೇಲೆ ಬರೆದು ನೋಡಬೇಕು. ಖಾಯಂ ಗಿರಾಕಿ ಇಲ್ಲದೆ, “ಗಾಡಿ ಬಂದ ಮೇಲೆ ಬಾಡಿಗೆ ತಾನೇ ಬರುತ್ತದೆ” ಎಂದು ನಂಬಿ ಹೊರಟವರೇ ಕಂತಿಗೆ ಸಿಕ್ಕಿ ಒದ್ದಾಡುವುದು.

ಹೊಗೆ ಹೇಳುವ ಕತೆ

ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಬೇಕಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾಯುತ್ತದೆ. ಆ ಕಾದ ಗಾಳಿಗೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಅಂದರೆ ಡೀಸೆಲ್ ಎಂಜಿನ್ನಿನ ಜೀವ ಇರುವುದು ಆ ಒತ್ತಡದಲ್ಲಿ. ಪಿಸ್ಟನ್ ರಿಂಗು, ಬೋರು ಸವೆದು ಗಾಳಿ ಸೋರತೊಡಗಿದರೆ ಮೊದಲು ತೊಂದರೆ ಕಾಣುವುದು ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ.

ಆದ್ದರಿಂದ ಗಾಡಿ ನೋಡಲು ಬೆಳಿಗ್ಗೆ ಬೇಗನೆ ಹೋಗಬೇಕು. ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನನ್ನೋ ಮರೆಮಾಚುತ್ತಿರಬಹುದು. ತಣ್ಣಗಿದ್ದಾಗ ತುಸು ಬಿಳಿ ಹೊಗೆ ಬಂದು ನಿಂತರೆ ಚಿಂತೆಯಿಲ್ಲ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ರೇಡಿಯೇಟರ್ ನೀರು ಒಳಗೆ ಸೋರುತ್ತಿದೆ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ದಟ್ಟ ಕಪ್ಪು ಹೊಗೆ ಎಂದರೆ ಗಾಳಿ ಸಾಲದು ಅಥವಾ ಇಂಜೆಕ್ಟರ್ ಕೆಟ್ಟಿದೆ. ಆಯಿಲ್ ಹಾಕುವ ಮುಚ್ಚಳ ತೆರೆದಾಗ ರಭಸವಾಗಿ ಹೊಗೆ ಉಗಿದರೆ ಎಂಜಿನ್ ಕೆಲಸ ಹತ್ತಿರ ಬಂದಿದೆ ಎಂದೇ ತಿಳಿಯಬೇಕು.

ಮೀಟರಿನ ಅಂಕಿಯನ್ನು ಪೂರ್ತಿ ನಂಬುವಂತಿಲ್ಲ. ಪೆಡಲ್ ಸವೆದು ನುಣುಪಾಗಿದ್ದು ಮೀಟರ್ ಮಾತ್ರ ಕಡಿಮೆ ತೋರಿಸಿದರೆ ಅನುಮಾನಿಸಬೇಕು. ಗಾಡಿಯ ಕೆಳಗೆ ಬಗ್ಗಿ ಚಾಸಿಯಲ್ಲಿ ಬಿರುಕು, ಹೊಸ ವೆಲ್ಡಿಂಗ್ ಇದೆಯೇ ನೋಡಬೇಕು. ಮಿತಿಮೀರಿ ಲೋಡ್ ಹೊತ್ತ ಗಾಡಿಯ ಗುರುತು ಅಲ್ಲಿರುತ್ತದೆ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್.-6 ಗಾಡಿಗಳಲ್ಲಿ ಹೊಗೆ ಶುದ್ಧಗೊಳಿಸುವ ಬಿಡಿಭಾಗಗಳು ಹೆಚ್ಚು, ಕೆಟ್ಟರೆ ಖರ್ಚೂ ಹೆಚ್ಚು. ಎಚ್ಚರಿಕೆಯ ದೀಪ ಉರಿಯುತ್ತಿದ್ದರೆ ಕಾರಣ ತಿಳಿಯದೆ ಮುಂಗಡ ಕೊಡಬಾರದು. ಕೊನೆಗೆ, ಮಾರುವವನ ಪರಿಚಯದ ಮೆಕ್ಯಾನಿಕ್ ಬೇಡ. ತಮ್ಮ ನಂಬಿಕೆಯವನನ್ನು ಕೂಲಿ ಕೊಟ್ಟು ಕರೆದೊಯ್ಯುವುದು ಒಳಿತು.

ಕಾಗದ ಸರಿಯಿದ್ದರೆ ಗಾಡಿ ಸರಿ

ಎಂಜಿನ್ ಕೆಟ್ಟರೆ ರಿಪೇರಿ ಮಾಡಿಸಬಹುದು. ಕಾಗದ ಕೆಟ್ಟ ಗಾಡಿಗೆ ಯಾವ ಮೆಕ್ಯಾನಿಕ್ಕೂ ಇಲ್ಲ. ಆರ್.ಸಿ.ಯಲ್ಲಿರುವ ಚಾಸಿ ನಂಬರ್, ಗಾಡಿಯ ಮೇಲೆ ಕೊರೆದ ನಂಬರ್ ಎರಡೂ ಒಂದೇ ಆಗಿರಬೇಕು. ಸಾಲ ಬಾಕಿ ಇದೆಯೇ, ವಿಮೆ ನಡೆಯುತ್ತಿದೆಯೇ ಎಂಬುದನ್ನು ಸರ್ಕಾರದ ‘ಪರಿವಾಹನ್’ ತಾಣದಲ್ಲಿ ನೋಡಬಹುದು. ಹಳೆಯ ಸಾಲದ ನಮೂದಿದ್ದರೆ ಸಾಲ ಕೊಟ್ಟವರ ಎನ್‌.ಒ.ಸಿ. ಮತ್ತು ನಮೂನೆ 35 ಬೇಕು. ಹೆಸರು ವರ್ಗಾವಣೆಗೆ ನಮೂನೆ 29 ಮತ್ತು 30. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿನ ಆರ್.ಟಿ.ಒ. ಕೊಡುವ ನಮೂನೆ 28ರ ಎನ್‌.ಒ.ಸಿ. ಕೂಡ.

ಸರಕು ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ನಂತರ ಪ್ರತಿ ವರ್ಷ ಎಫ್‌.ಸಿ. ಆಗಬೇಕು. 15 ವರ್ಷ ದಾಟಿದ ಗಾಡಿಗಳ ಎಫ್‌.ಸಿ. ಶುಲ್ಕ 2022ರ ಏಪ್ರಿಲ್‌ನಿಂದ ಬಹಳ ಏರಿತು. ಅಗ್ಗಕ್ಕೆ ಸಿಗುವ ತೀರಾ ಹಳೆಯ ಗಾಡಿಯ ಹಿಂದೆ ಈ ಕಾರಣವೂ ಇರಬಹುದು. ಲೋಡ್ ಸಮೇತ ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ ಎಂಬುದು ಸಣ್ಣ ಪಿಕಪ್‌ಗಳಿಗಿರುವ ಅನುಕೂಲ.

“ಹೆಸರು ಆಮೇಲೆ ಬದಲಾಯಿಸಿದರಾಯಿತು” ಎಂಬ ಮಾತು ಇಬ್ಬರಿಗೂ ಅಪಾಯ. ಆರ್.ಟಿ.ಒ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ವಿಮೆಯನ್ನು ಹೊಸ ಮಾಲೀಕರ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಬೇಕು. ವಿಮೆ ಇಲ್ಲದ ಗಾಡಿ ಯಾರಿಗಾದರೂ ತಾಗಿದರೆ ಪರಿಹಾರದ ಹಣಕ್ಕೆ ಮನೆ, ಹೊಲ ಮಾರುವ ಪ್ರಸಂಗ ಬಂದೀತು.

ಸ್ಟಿಯರಿಂಗ್ ಯಾರ ಕೈಗೆ?

ಕಾರಿನ ಎಲ್.ಎಂ.ವಿ. ಲೈಸೆನ್ಸ್ ಇದ್ದವರು ಒಟ್ಟು 7,500 ಕಿಲೋ ಒಳಗಿನ ಸರಕು ಗಾಡಿ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ತೀರ್ಪು ನೀಡಿತು. ಆದರೆ ವಯಸ್ಸಿನ ಮಾತು ಬೇರೆ. ಬಾಡಿಗೆಯ ಸರಕು ಗಾಡಿ ಓಡಿಸಲು ಮೋಟಾರು ವಾಹನ ಕಾಯ್ದೆಯ ಪ್ರಕಾರ 20 ವರ್ಷ ತುಂಬಿರಬೇಕು. ಹದಿನೆಂಟಾಗದ ಮಗನ ಕೈಗೆ ಕೀ ಕೊಟ್ಟು ಸಿಕ್ಕಿಬಿದ್ದರೆ, 2019ರ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಒಂದು ವರ್ಷ ನೋಂದಣಿಯೂ ರದ್ದು. “ರಜೆಯಲ್ಲಿ ಹುಡುಗನೇ ಒಂದೆರಡು ಟ್ರಿಪ್ ಹೊಡೆಯಲಿ” ಎನ್ನುವ ಮುನ್ನ ಇದು ನೆನಪಿರಲಿ.

ಹುಡುಗ ಹುಡುಗಿಯರಿಗೆ ಒಪ್ಪುವ ಕೆಲಸ ಲೆಕ್ಕದ ಪುಸ್ತಕ. ದಿನದ ಬಾಡಿಗೆ, ಡೀಸೆಲ್, ರಿಪೇರಿ, ಕಂತು ಇಷ್ಟನ್ನು ಸಂಜೆ ಐದು ನಿಮಿಷದಲ್ಲಿ ಬರೆದಿಡಬಹುದು. ಕೊಳ್ಳುವ ಮೊದಲೂ ಎರಡು ಹಣವನ್ನು ಬೇರೆಯಾಗಿಟ್ಟು ಮುಟ್ಟದಿರುವುದು ಕ್ಷೇಮ: ಆ ವರ್ಷದ ಶಾಲೆ ಕಾಲೇಜಿನ ಫೀಸು, ಮತ್ತು ಕನಿಷ್ಠ ಮೂರು ಕಂತಿನ ಹಣ. ಇವೆರಡನ್ನು ತೆಗೆದಿಟ್ಟ ಮೇಲೆ ಉಳಿದ ಹಣಕ್ಕೆ ಸಿಗುವ ಗಾಡಿಯೇ ಆ ಮನೆಗೆ ತಕ್ಕ ಗಾಡಿ. ಸಿಗದಿದ್ದರೆ ಇನ್ನಾರು ತಿಂಗಳು ಕಾಯಬಹುದು. ಹಳೆಯ ಗಾಡಿಗಳು ಆಗಲೂ ಮಾರಾಟಕ್ಕೆ ಇದ್ದೇ ಇರುತ್ತವೆ.