ಬೆನ್ನಿಗೆ ಹೊರೆ ಏರಿಸುವ ಮುನ್ನ

ತೈಪೂಸದ ದಿನಗಳಲ್ಲಿ ಪೊಳ್ಳಾಚಿ, ಉಡುಮಲೈಪೇಟೆಗಳ ಹೆದ್ದಾರಿಯಂಚಿನಲ್ಲಿ ಪಳನಿಗೆ ಸಾಗುವ ಪಾದಯಾತ್ರಿಕರನ್ನು ನೋಡದವರು ನಮ್ಮ ಓದುಗ ಕುಟುಂಬಗಳಲ್ಲಿ ವಿರಳ. ಹೆಗಲ ಮೇಲೆ ಕಾವಡಿ, ಬರಿಗಾಲು, ಹಗಲಿರುಳೂ ನಡಿಗೆ. ಎರಡು ಮೂರು ದಿನಗಳಾಗುವಷ್ಟರಲ್ಲಿ ಅನೇಕರು ಚಪ್ಪರಗಳಲ್ಲಿ ಕುಳಿತು ಅಂಗಾಲಿನ ಬೊಬ್ಬೆಗಳಿಗೆ ಮುಲಾಮು ಹಚ್ಚಿಕೊಳ್ಳುತ್ತಿರುತ್ತಾರೆ. ಭಕ್ತನಿಗೆ ವರ್ಷಕ್ಕೊಮ್ಮೆ ಒದಗುವ ಈ ಕಷ್ಟವು ಸೈನಿಕ ತರಬೇತಿಗೆ ಸೇರುವ ಹುಡುಗನಿಗೆ ಪದೇ ಪದೇ ಒದಗುವುದೆಂಬುದನ್ನು ನಾವು ತಡವಾಗಿ ಅರಿತೆವು.

ನಮ್ಮ ಶಾಲೆಯಲ್ಲಿ ಓದಿದ ಹುಡುಗನೊಬ್ಬ, ಮಗ್ಗದ ಮನೆಯವನು, ಅಗ್ನಿವೀರನಾಗುವ ಹಂಬಲದಿಂದ ನಮ್ಮಲ್ಲಿಗೆ ಬಂದಿದ್ದ. ಭರ್ತಿಯ ಮೈದಾನದಲ್ಲಿ 1.6 ಕಿಲೋಮೀಟರ್ ಓಟ, ಕಂಬಿ ಹಿಡಿದು ಮೈಯೆತ್ತುವುದು, 9 ಅಡಿ ಹಳ್ಳದ ಜಿಗಿತ ಮುಂತಾದವನ್ನು ಪರೀಕ್ಷಿಸುವರೇ ಹೊರತು ಹೊರೆ ಹೊರಿಸುವುದಿಲ್ಲ. ಹೊರೆಯ ನಡಿಗೆ ಆರಂಭವಾಗುವುದು ಆಯ್ಕೆಯಾಗಿ, ವೆಲ್ಲಿಂಗ್ಟನ್ನಿನ ಮದ್ರಾಸ್ ರೆಜಿಮೆಂಟ್ ಕೇಂದ್ರದಂಥ ತರಬೇತಿಯ ತಾಣವನ್ನು ಸೇರಿದ ಮೇಲೆ. "ಈಗಿನಿಂದಲೇ ರೂಢಿಯಾಗಲಿ ಮೇಷ್ಟ್ರೇ" ಎಂದ. "ಹಾಗೆಯೇ ಮಾಡಪ್ಪ" ಎಂದು ನಾವೇ ಮುಂದೆ ನಿಂತು ಚೀಲಕ್ಕೆ ಮರಳು ತುಂಬಿಸಿಕೊಟ್ಟೆವು. ಮರಳು 20 ಕಿಲೋ. ಹುಡುಗನ ಮೈತೂಕ 56.

ದಿನವೂ ಬೆಳಗ್ಗೆ ಪರಂಬಿಕ್ಕುಳಂ–ಆಳಿಯಾರ್ ಕಾಲುವೆಯ ದಂಡೆಯ ಮೇಲೆ ಅದನ್ನು ಹೊತ್ತು ಓಡಿದ. ಮೂರನೆಯ ವಾರ ಎಡಪಾದದಲ್ಲಿ ನೋವೆಂದ. ಉಳುಕಿರಬಹುದು, ನಡೆದರೆ ಸರಿಹೋಗುತ್ತದೆ ಎಂದವರೂ ನಾವೇ. ಮೊದಲು ತೆಗೆಸಿದ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಎರಡು ವಾರಗಳ ನಂತರ ತೆಗೆಸಿದ್ದರಲ್ಲಿ ಪಾದದ ಮೂಳೆಯ ಬಿರುಕು ಕಂಡಿತು. ಆ ವರ್ಷದ ಭರ್ತಿ ಅವನಿಗೆ ತಪ್ಪಿತು. ಅವನ ತಾಯಿ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅದೇ ನಮಗೆ ಭಾರವಾಯಿತು. ಸುಲಭದಿಂದ ಕಠಿಣದ ಕಡೆಗೆ ಸಾಗಬೇಕೆಂದು ಶಿಕ್ಷಕ ತರಬೇತಿಯಲ್ಲಿ ಕಲಿತು, ಮೂವತ್ತು ವರ್ಷ ಅಕ್ಷರಕ್ಕೆ ಅನ್ವಯಿಸಿದ್ದನ್ನು ಒಂದು ಜೊತೆ ಕಾಲಿಗೆ ಅನ್ವಯಿಸದೆ ಹೋದೆವು.

ಈ ಬೇನೆ ಹೊಸದಲ್ಲ. ನಡೆದು ನಡೆದು ಸಿಪಾಯಿಗಳ ಪಾದಗಳು ಬಾತು ನೋಯುವುದನ್ನು ಪ್ರಷ್ಯದ ಸೇನಾವೈದ್ಯ ಬ್ರೈಟ್‌ಹೌಪ್ಟ್ 1855ರಲ್ಲಿಯೇ ಬರೆದಿಟ್ಟಿದ್ದನು. ಕಾರಣ ಮೂಳೆಯ ಬಿರುಕೆಂದು ತಿಳಿದುದು ಎಕ್ಸ್‌ರೇ ಬಂದ ಮೇಲೆ, 1897ರಲ್ಲಿ. ಉಸಿರು ಮತ್ತು ಸ್ನಾಯುಗಳು ಕೆಲವೇ ವಾರಗಳಲ್ಲಿ ಪಳಗುತ್ತವೆ. ಮೂಳೆಯ ರೀತಿ ಬೇರೆ: ಹೊಸ ಭಾರ ಬಿದ್ದಾಗ ಅದು ಮೊದಲು ತುಸು ಸವೆದು, ಆಮೇಲೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ, ಅದಕ್ಕೆ ತಿಂಗಳುಗಳೇ ಬೇಕು. ಹುಡುಗನಿಗೆ "ಈಗ ಹಗುರವೆನಿಸುತ್ತದೆ" ಎಂದು ತೋರುವ ಹೊತ್ತಿಗೇ ಅವನ ಮೂಳೆ ಅತ್ಯಂತ ದುರ್ಬಲವಾಗಿರಬಹುದು.

ಆದುದರಿಂದ ಮೊದಲ ಒಂದೆರಡು ತಿಂಗಳು ಬರಿಮೈಯ ನಡಿಗೆ, ಓಟಗಳೇ ಸಾಕು. ಅನಂತರ ಮೈತೂಕದ ಹತ್ತನೆಯ ಒಂದು ಭಾಗ, ಅಂದರೆ 5–6 ಕಿಲೋ, ವಾರಕ್ಕೆ ಒಮ್ಮೆ ಮಾತ್ರ, ಮೂರು ಕಿಲೋಮೀಟರ್. ಮುಂದೆ ದೂರವನ್ನಾಗಲಿ ತೂಕವನ್ನಾಗಲಿ ಹೆಚ್ಚಿಸಬಹುದು, ಒಂದೇ ವಾರ ಎರಡನ್ನೂ ಅಲ್ಲ. ಹೊರೆ ಹೊತ್ತು ಓಡಲೇಕೂಡದು. ಮರಳಿಗಿಂತ ನೀರಿನ ಬಾಟಲಿಗಳು ಮೇಲು. ನೋವಾದರೆ ದಾರಿಯಲ್ಲಿಯೇ ಚೆಲ್ಲಿಬಿಡಬಹುದು. ಭಾರವಾದದ್ದು ಚೀಲದ ಮೇಲ್ಭಾಗದಲ್ಲಿ, ಬೆನ್ನಿಗೆ ಅಂಟಿಕೊಂಡು ಇರಬೇಕು. ನಮ್ಮ ಕಡೆಯ ಹುಡುಗರು ಕಣಕಾಲಿಗೆ ಮರಳಿನ ಪಟ್ಟಿ ಕಟ್ಟಿಕೊಳ್ಳುವುದುಂಟು. ಪಾದದ ಮೇಲಿನ ಒಂದು ಕಿಲೋ ಬೆನ್ನಿನ ಮೇಲಿನ ನಾಲ್ಕೈದು ಕಿಲೋಗಳಷ್ಟು ದಣಿಸುವುದರಿಂದ ಅದನ್ನು ಬಿಡಿಸಿರಿ. ಬೂಟು ಹೊಸದಾದರೆ ಮನೆಯಲ್ಲಿ ತೊಟ್ಟು ಪಳಗಿಸಲಿ. ಕಾಲುಚೀಲ ಒದ್ದೆಯಾದರೆ ಬದಲಿಸಲಿ.

ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ಮೂಳೆ ನೋಯುತ್ತಿದ್ದರೆ, ಅದೂ ನಡೆದಂತೆಲ್ಲ ಹೆಚ್ಚುತ್ತಿದ್ದರೆ, ಆ ದಿನವೇ ನಿಲ್ಲಿಸಿ ವೈದ್ಯರಲ್ಲಿಗೆ ಕರೆದೊಯ್ಯಿರಿ. ಎಣ್ಣೆ ತಿಕ್ಕಿ ಮತ್ತೆ ಓಡಿಸಬೇಡಿರಿ. ಮೊದಲ ಎಕ್ಸ್‌ರೇ ಶುದ್ಧವಾಗಿದ್ದ ಮಾತ್ರಕ್ಕೆ ಬಿರುಕಿಲ್ಲವೆಂದಲ್ಲ.

ಊಟದ ವಿಷಯದಲ್ಲಿ ನಮ್ಮ ಮನೆಗಳೇ ಮುಂದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದಂಶವಿದೆ. ಮುದ್ದೆ, ನುಗ್ಗೆಸೊಪ್ಪು, ಎಳ್ಳು, ಮಜ್ಜಿಗೆ ಎಲ್ಲವೂ ಒಳ್ಳೆಯವೇ. ತೂಕ ಇಳಿಸುವ ಆತುರದಲ್ಲಿ ಊಟ ಬಿಡುವುದು ಕೇಡು. ಸೈನಿಕ ಪೊಲೀಸ್ ದಳಕ್ಕೆ ಹೆಣ್ಣುಮಕ್ಕಳೂ ಸೇರುತ್ತಿರುವುದರಿಂದ ಒಂದು ಮಾತು: ತರಬೇತಿಯ ನಡುವೆ ಮಗಳ ಮುಟ್ಟು ತಿಂಗಳುಗಟ್ಟಲೆ ನಿಂತರೆ, ಅದು ಅರೆಹೊಟ್ಟೆಯ ಸೂಚನೆಯೂ ಇರಬಹುದು, ಮೂಳೆಗೆ ಅಪಾಯದ ಸೂಚನೆಯೂ ಹೌದು.

ನಮ್ಮ ಹುಡುಗ ಈಗ ಮತ್ತೆ ಕಾಲುವೆಯ ದಂಡೆಗೆ ಹೋಗುತ್ತಿದ್ದಾನೆ, ವಾರಕ್ಕೊಮ್ಮೆ, ಬಿಸಿಲೇರುವ ಮುನ್ನ. ಹಳೆಯ ಸೀರೆಯ ಅಂಚನ್ನು ಪಟ್ಟಿಗೆ ಮಡಿಸಿ ಚೀಲ ಹೊಲಿದುಕೊಟ್ಟವರು ಅವನ ತಾಯಿ. ಪ್ರತಿ ಶನಿವಾರ ರಾತ್ರಿ ಅದನ್ನು ತೂಗುವವರೂ ಅವರೇ. ಆ ತಕ್ಕಡಿಯ ಬಳಿಗೆ ನಮ್ಮನ್ನು ಬಿಡುತ್ತಿಲ್ಲ.