ಮನೆಯ ಡಬ್ಬಿಯಲ್ಲಿಟ್ಟ ಫೋಟೊ ಎಷ್ಟು ಭದ್ರ?

ಮದುವೆ ಆಲ್ಬಮ್ ಈಗ ಬೀರುವಿನಲ್ಲಿಲ್ಲ. ಮಗುವಿನ ಮೊದಲ ಹೆಜ್ಜೆ, ಅಜ್ಜಿ ಹಾಡಿದ ಸೋಬಾನೆ ಪದ, ಅಪ್ಪನ ಸೈಟಿನ ಪತ್ರದ ಸ್ಕ್ಯಾನ್, ಎಲ್ಲವೂ ಫೋನಿನಲ್ಲೇ. ಫೋನ್ ಮಾತ್ರ ವರ್ಷಕ್ಕೆರಡು ಸಲ ‘ಸ್ಟೋರೇಜ್ ಫುಲ್’ ಅನ್ನುತ್ತೆ. ಕ್ಲೌಡ್‌ಗೆ ತಿಂಗಳು ತಿಂಗಳೂ ದುಡ್ಡು ಕಟ್ಟೋದ್ಯಾಕೆ, ಮನೆಯಲ್ಲೇ ಒಂದು ನ್ಯಾಸ್ ಇಟ್ಕೊಂಡ್ರೆ ಆಯ್ತಲ್ಲ ಅನ್ನುವವರು ಈಗ ಜಾಸ್ತಿ. ಆಫೀಸಿನ ಊಟದ ಟೇಬಲ್ಲಿನಲ್ಲಿ ‘ಯಾವ ನ್ಯಾಸ್ ತಗೊಳ್ಳಲಿ?’ ಅನ್ನೋ ಪ್ರಶ್ನೆ ಆಗಾಗ ನನ್ನ ಕಿವಿಗೂ ಬೀಳುತ್ತೆ.

ನ್ಯಾಸ್ ಅಂದರೆ ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್. ಒಂದೋ ಎರಡೋ ನಾಲ್ಕೋ ಹಾರ್ಡ್‌ಡಿಸ್ಕ್ ಇರುವ ಪುಟ್ಟ ಡಬ್ಬಿ. ರೂಟರ್‌ಗೆ ಸಿಕ್ಕಿಸಿದರೆ ಮನೆಮಂದಿಯ ಫೋನು, ಲ್ಯಾಪ್‌ಟಾಪಿನ ಫೈಲುಗಳೆಲ್ಲ ಅಲ್ಲಿ ಬಂದು ಕೂರುತ್ತವೆ. ಒಳ್ಳೆಯ ಸಾಧನವೇ, ಬೇಡ ಅನ್ನಲ್ಲ. ಆದರೆ ಅದನ್ನು ಬೀರು ಅಂದುಕೊಳ್ಳಬೇಡಿ. ಅದೊಂದು ಕಂಪ್ಯೂಟರ್. ಹಗಲೂ ರಾತ್ರಿ ಆನ್ ಆಗಿರುವ, ಮನೆಯಲ್ಲಿ ಯಾರೂ ತಿರುಗಿ ನೋಡದ ಕಂಪ್ಯೂಟರ್.

ಐದು ಸಾಲಿನ ಕೋಡ್

2021ರ ಜೂನ್ ಕೊನೆಯ ವಾರ. ವೆಸ್ಟರ್ನ್ ಡಿಜಿಟಲ್ ಕಂಪನಿಯ ‘ಮೈ ಬುಕ್ ಲೈವ್’ ಇಟ್ಟುಕೊಂಡಿದ್ದ ಜನ ಬೆಳಿಗ್ಗೆ ಎದ್ದು ನೋಡಿದರೆ ಡಬ್ಬಿ ಖಾಲಿ. ವರ್ಷಗಟ್ಟಲೆ ಕೂಡಿಟ್ಟ ಫೈಲುಗಳೆಲ್ಲ ಮಾಯ. ದೂರದಲ್ಲಿ ಕೂತ ಯಾರೋ ಇಂಟರ್‌ನೆಟ್ ಮೂಲಕ ಫ್ಯಾಕ್ಟರಿ ರೀಸೆಟ್ ಮಾಡಿಬಿಟ್ಟಿದ್ದರು. ಎರಡು ಡಿಸ್ಕ್ ಇದ್ದ ‘ಡ್ಯುಯೊ’ ಮಾದರಿಗೂ ಅದೇ ಗತಿ.

ಕಾರಣ ನೋಡಿದರೆ ನನ್ನಂಥ ಕೋಡ್ ಬರೆಯುವವರಿಗೆ ಹೊಟ್ಟೆ ತೊಳಸುತ್ತೆ. ರೀಸೆಟ್ ಮಾಡುವ ಮುಂಚೆ ಪಾಸ್‌ವರ್ಡ್ ಕೇಳಬೇಕಿದ್ದ ಐದು ಸಾಲನ್ನು ಯಾರೋ ಕಾಮೆಂಟ್ ಮಾಡಿ ಸುಮ್ಮನಾಗಿಸಿದ್ದರು. ಸಾಲುಗಳು ಅಲ್ಲೇ ಇದ್ದವು, ಕೆಲಸ ಮಾತ್ರ ಮಾಡುತ್ತಿರಲಿಲ್ಲ. ಈ ತಪ್ಪು ಒಳಗೆ ಸೇರಿದ್ದು 2011ರಲ್ಲಿ ಅಂತ ಕಂಪನಿಯೇ ಹೇಳಿತು. ಆ ಡಬ್ಬಿಗೆ ಕೊನೆಯ ಅಪ್‌ಡೇಟ್ ಬಂದಿದ್ದು 2015ರಲ್ಲಿ. ಅಂದರೆ ಕಂಪನಿ ಕೈಬಿಟ್ಟ ಮೇಲೂ ಡಬ್ಬಿ ಆರು ವರ್ಷ ಜನರ ಮನೆಯಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಓಡ್ತಿದೆ ಅಂದಮಾತ್ರಕ್ಕೆ ಭದ್ರವಾಗಿದೆ ಅಂತ ಅಲ್ಲ.

ಬೀಗ ಹಾಕಿ ದುಡ್ಡು ಕೇಳುವವರು

ಅದೇ ವರ್ಷ ಏಪ್ರಿಲ್‌ನಲ್ಲಿ ಕ್ಯೂನ್ಯಾಪ್ ಕಂಪನಿಯ ಡಬ್ಬಿಗಳಿಗೆ ‘ಕ್ಯೂಲಾಕರ್’ ಬಡಿಯಿತು. ಫೈಲುಗಳನ್ನೆಲ್ಲ ಪಾಸ್‌ವರ್ಡ್ ಹಾಕಿದ ಜಿಪ್ ಥರದ ಗಂಟಿಗೆ ಕಟ್ಟಿ, ಬಿಚ್ಚಬೇಕಾದರೆ 0.01 ಬಿಟ್‌ಕಾಯಿನ್ ಕೊಡಿ ಅಂದರು. ಕಳ್ಳರು ನುಗ್ಗಿದ್ದು ಬ್ಯಾಕಪ್ ಮಾಡುವ ಆ್ಯಪಿನಲ್ಲೇ ಇದ್ದ ದೋಷದ ಮೂಲಕ. ಕಾವಲುಗಾರನ ಜೇಬಿನಿಂದಲೇ ಬೀಗದ ಕೈ ಎಗರಿಸಿದ ಹಾಗೆ! 2022ರ ಜನವರಿಯಲ್ಲಿ ‘ಡೆಡ್‌ಬೋಲ್ಟ್’ ಬಂತು, ಈ ಸಲ ಕೇಳಿದ್ದು 0.03 ಬಿಟ್‌ಕಾಯಿನ್. ಆ ವರ್ಷದ ಅಕ್ಟೋಬರ್‌ನಲ್ಲಿ ನೆದರ್ಲೆಂಡ್ಸ್ ಪೊಲೀಸರು ಜಾಣತನದಿಂದ ದುಡ್ಡು ಕಳಿಸಿದಂತೆ ಮಾಡಿ, ಕೀ ಸಿಕ್ಕ ತಕ್ಷಣ ಪೇಮೆಂಟ್ ವಾಪಸ್ ಎಳೆದುಕೊಂಡು, 155 ಕೀಗಳನ್ನು ಹೊರತಂದರು. ಉಳಿದವರಿಗೆ ಆ ಅದೃಷ್ಟ ಇರಲಿಲ್ಲ.

ಈ ಡಬ್ಬಿಗಳು ಕಳ್ಳರ ಕಣ್ಣಿಗೆ ಬೀಳೋದು ಹೇಗೆ? ‘ಹೊರಗಿದ್ದಾಗಲೂ ಫೋಟೊ ನೋಡಿ’ ಅನ್ನೋ ಸೌಲಭ್ಯಕ್ಕಾಗಿ ರೂಟರ್‌ನಲ್ಲಿ ಬಾಗಿಲು ತೆರೆದಿರುತ್ತೇವೆ. ಯುಪಿಎನ್‌ಪಿ ಆನ್ ಇದ್ದರೆ ಡಬ್ಬಿಯೇ ರೂಟರ್‌ಗೆ ಹೇಳಿ ಬಾಗಿಲು ತೆಗೆಸಿಕೊಳ್ಳುತ್ತೆ. ಮನೆಯವರಿಗೆ ಗೊತ್ತೂ ಆಗಲ್ಲ.

‘ಎರಡು ಡಿಸ್ಕ್ ಇದೆಯಲ್ಲ?’

ಅಂಗಡಿಯವರು ಹೇಳುವ ಮೊದಲ ಮಾತಿದು. ರೇಡ್ ಇದೆ ಸರ್, ಒಂದು ಹೋದರೆ ಇನ್ನೊಂದಿರುತ್ತೆ. ನಿಜ, ಡಿಸ್ಕ್ ಕೆಟ್ಟರೆ ರೇಡ್ ಕಾಪಾಡುತ್ತೆ. ಆದರೆ ನೀವು ಒಂದು ಫೋಲ್ಡರ್ ಡಿಲೀಟ್ ಮಾಡಿದರೆ ಎರಡೂ ಕಡೆ ಅದೇ ಕ್ಷಣ ಡಿಲೀಟ್. ವೈರಸ್ ಬೀಗ ಹಾಕಿದರೂ ಎರಡೂ ಕಡೆ ಬೀಗ. ಡಬ್ಬಿಯನ್ನೇ ಯಾರಾದರೂ ಹೊತ್ತೊಯ್ದರೆ, ಕರೆಂಟ್ ಏರುಪೇರಿಗೆ ಸುಟ್ಟರೆ, ಎರಡೂ ಒಟ್ಟಿಗೇ ಹೋಗುತ್ತವೆ.

ಒಟ್ಟಿಗೆ ಕೊಂಡ ಡಿಸ್ಕುಗಳಿಗೆ ವಯಸ್ಸೂ ಒಟ್ಟಿಗೇ ಆಗುತ್ತೆ. ಒಂದು ಕೆಟ್ಟು ಹೊಸದು ಹಾಕಿದಾಗ, 4 ಟಿಬಿ ನಕಲಾಗಲು ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಓಡಿದರೂ ಏಳು ಗಂಟೆ ಮೇಲೆ ಬೇಕು. ಅಷ್ಟು ಹೊತ್ತು ಉಳಿದ ಹಳೇ ಡಿಸ್ಕ್ ಉಸಿರು ಬಿಡದೆ ದುಡಿಯಬೇಕು. ಡಿಸ್ಕಿನ ಜಾತಿಯೂ ಮುಖ್ಯ. ಕೆಲವು ಡಿಸ್ಕುಗಳು ಮನೆ ಹೆಂಚಿನ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಡೇಟಾ ಬರೆಯುತ್ತವೆ. ಇದಕ್ಕೆ ಎಸ್‌ಎಂಆರ್ ಅಂತಾರೆ. ರೇಡ್ ರಿಪೇರಿಯಲ್ಲಿ ಇವು ತೀರಾ ನಿಧಾನ. ನ್ಯಾಸ್‌ಗೆಂದೇ ಮಾರುತ್ತಿದ್ದ ಕೆಲವು ಡಬ್ಲ್ಯುಡಿ ರೆಡ್ ಡಿಸ್ಕುಗಳು ಇದೇ ಜಾತಿಯವು ಅಂತ ಜನಕ್ಕೆ ತಿಳಿದಿದ್ದು 2020ರಲ್ಲಿ. ಕೊಳ್ಳುವಾಗ ‘ಸಿಎಂಆರ್ ತಾನೇ?’ ಅಂತ ಕೇಳಿ.

ಈ ವಾರಾಂತ್ಯದ ಕೆಲಸ

• ನ್ಯಾಸ್‌ನ ಅಪ್‌ಡೇಟ್ ಆಟೊಮ್ಯಾಟಿಕ್ ಮಾಡಿ. ಕಂಪನಿ ಅಪ್‌ಡೇಟ್ ನಿಲ್ಲಿಸಿದ್ದರೆ ಅದನ್ನು ಇಂಟರ್‌ನೆಟ್ಟಿಂದ ದೂರವಿಡಿ.
• ರೂಟರ್‌ನಲ್ಲಿ ಯುಪಿಎನ್‌ಪಿ, ಪೋರ್ಟ್ ಫಾರ್ವರ್ಡಿಂಗ್ ಆಫ್ ಮಾಡಿ. ಹೊರಗಿಂದ ಬೇಕೇಬೇಕು ಅಂದರೆ ವಿಪಿಎನ್ ಬಳಸಿ.
• ‘ಅಡ್ಮಿನ್’ ಅನ್ನೋ ಹೆಸರಿನ ಖಾತೆ ನಿಲ್ಲಿಸಿ, ಬೇರೆ ಹೆಸರು, ಉದ್ದದ ಪಾಸ್‌ವರ್ಡ್, ಎರಡು ಹಂತದ ಲಾಗಿನ್ ಇಡಿ.
• ಸ್ನ್ಯಾಪ್‌ಶಾಟ್ ಸೌಲಭ್ಯ ಇದ್ದರೆ ಆನ್ ಮಾಡಿ. ತಪ್ಪಿ ಅಳಿಸಿದ್ದು ವಾಪಸ್ ಸಿಗುತ್ತೆ.
• ಒಂದು ಸಣ್ಣ ಯುಪಿಎಸ್ ಜೋಡಿಸಿ. ಬರೆಯುವ ಮಧ್ಯೆ ಕರೆಂಟ್ ಹೋದರೆ ಫೈಲ್ ಸಿಸ್ಟಮ್ಮೇ ಹಾಳಾಗಬಹುದು.
• 3-2-1 ನೆನಪಿಡಿ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯ ಹೊರಗೆ. ಫೋನಿನದೊಂದು, ನ್ಯಾಸ್‌ನದೊಂದು, ಮೂರನೆಯದು ಊರಿನ ಅಮ್ಮನ ಬೀರುವಿನಲ್ಲಿರುವ ಪೋರ್ಟಬಲ್ ಡಿಸ್ಕ್. ವೈರಿಗೆ ಸಿಕ್ಕಿಸದ ಡಿಸ್ಕಿಗೆ ಯಾವ ಹ್ಯಾಕರ್ರೂ ಕೈ ಹಾಕಲಾರ.

ಕೊನೆಯದಾಗಿ, ಬ್ಯಾಕಪ್ ಇದೆ ಅನ್ನೋದು ನಂಬಿಕೆ. ಅದರಿಂದ ಒಂದು ಫೈಲ್ ವಾಪಸ್ ತೆಗೆದು ತೆರೆದು ನೋಡಿದರೆ ಮಾತ್ರ ಖಾತ್ರಿ. ಆಯುಧಪೂಜೆ ದಿನ ಲ್ಯಾಪ್‌ಟಾಪಿಗೂ ಗಾಡಿಗೂ ಕುಂಕುಮ ಹಚ್ಚುತ್ತೀರಲ್ಲ, ಅವತ್ತು ನ್ಯಾಸ್‌ಗೂ ಹಚ್ಚಿ. ಜೊತೆಗೆ ಊರಿನ ಡಿಸ್ಕನ್ನು ತರಿಸಿ, ಹೊಸ ಫೋಟೊಗಳನ್ನು ತುಂಬಿ, ಹಳೆಯ ನಾಲ್ಕು ಫೋಟೊ ತೆರೆದು ಮನೆಮಂದಿಯೆಲ್ಲ ಕೂತು ನೋಡಿ. ಪರೀಕ್ಷೆಯೂ ಆಯ್ತು, ಹಬ್ಬವೂ ಆಯ್ತು.